ಉಬ್ಬರಕ್ಕೆ ಕಾಯುತ್ತಿದ್ದ ಬಂದರು

ಜಪಾನಿನ ಫುಕುಯಾಮಾ ರೈಲು ನಿಲ್ದಾಣದಿಂದ ಬಸ್ಸಿನಲ್ಲಿ ಅರ್ಧ ಗಂಟೆ ಸಾಗಿದರೆ ತೊಮೊನೊಉರಾ. ಸೆತೊ ಒಳಗಡಲಿಗೆ ಪೂರ್ವದಿಂದಲೂ ಪಶ್ಚಿಮದಿಂದಲೂ ನುಗ್ಗುವ ಉಬ್ಬರದ ನೀರು ಸಂಧಿಸುವುದು ಇದರ ಸುತ್ತಮುತ್ತಲೇ. ಹಾಯಿಹಡಗುಗಳು ಉಬ್ಬರದೊಂದಿಗೆ ಇಲ್ಲಿಗೆ ಬಂದು, ನೀರು ತಿರುಗುವವರೆಗೆ ಕಾದು, ಇಳಿತದೊಂದಿಗೆ ಮುಂದೆ ಹೋಗುತ್ತಿದ್ದವು. ಊರು ಬೆಳೆದದ್ದೇ ಆ ಕಾಯುವಿಕೆಯಿಂದ.

ನಾನು ಹೋದಾಗ ಇಳಿತದ ಹೊತ್ತು. ದಕ್ಕೆಯ ಕಲ್ಲಿನ ಮೆಟ್ಟಿಲುಗಳು ಪಾಚಿ ಹಿಡಿದ ಬುಡದವರೆಗೂ ಕಾಣುತ್ತಿದ್ದವು. ನೀರು ಎಷ್ಟೇ ಏರಲಿ, ಇಳಿಯಲಿ, ಯಾವುದಾದರೊಂದು ಮೆಟ್ಟಿಲಿಗೆ ದೋಣಿ ತಾಗಿಸಿ ಸರಕು ಇಳಿಸಬಹುದು. ಪಕ್ಕದಲ್ಲೇ 1859ರ ಕಲ್ಲಿನ ದೀಪಸ್ತಂಭ. ಚಿತ್ರಗಳಲ್ಲೆಲ್ಲ ಅದೇ ಮೆರೆಯುತ್ತದೆ. ನನಗೆ ಮಾತ್ರ ಮೆಟ್ಟಿಲುಗಳೇ ದೊಡ್ಡವಾಗಿ ಕಂಡವು. ಕೂಲಿಯವರ ಕಾಲು ಸವೆಸಿದ ಕಲ್ಲು ಅದು.

ಫುಕುಜೆಂಜಿ ದೇವಾಲಯದ ಅತಿಥಿಗೃಹದಲ್ಲಿ ಚಾಪೆಯ ಮೇಲೆ ಕುಳಿತರೆ, ಕಂಬಗಳ ನಡುವೆ ಬೆಂತೆನ್ ಮತ್ತು ಸೆನ್ಸುಯಿ ದ್ವೀಪಗಳು. 1711ರಲ್ಲಿ ಇಲ್ಲಿ ತಂಗಿದ್ದ ಕೊರಿಯಾ ನಿಯೋಗದ ಅಧಿಕಾರಿಯೊಬ್ಬರು ಈ ನೋಟಕ್ಕೆ ಸಮನಾದುದು ಬೇರಿಲ್ಲ ಎಂದು ಹೊಗಳಿದ್ದರು. ಅಲ್ಲಿಂದ ಏಳಲು ನನಗೂ ಮನಸ್ಸಾಗಲಿಲ್ಲ.

ಓಣಿಗಳಲ್ಲಿ ಹೊಮೆಯಿಶು ಮಾರುವ ಅಂಗಡಿಗಳಿವೆ. 1659ರಿಂದ ತಯಾರಾಗುತ್ತಿರುವ, ಹದಿನಾರು ಮೂಲಿಕೆಗಳ ಸಿಹಿ ಮದ್ಯ. ಲವಂಗ, ದಾಲ್ಚಿನ್ನಿಯ ಘಮ ಮೂಗಿಗೆ ಬಡಿದಾಗ ಮನೆಯ ಕಷಾಯವೇ ನೆನಪಾಯಿತು. 1867ರಲ್ಲಿ ಸಮುರಾಯ್ ನಾಯಕ ಸಕಾಮೊಟೊ ರ್‍ಯೋಮಾ ಅವರ ತಂಡ ಬಾಡಿಗೆಗೆ ಪಡೆದಿದ್ದ ಇರೊಹಾಮಾರು ಹಡಗು ಕಿಶು ಸಂಸ್ಥಾನದ ಹಡಗಿಗೆ ಡಿಕ್ಕಿಯಾಗಿ ಮುಳುಗಿದಾಗ, ಪರಿಹಾರದ ವಾದ ಮೊದಲು ನಡೆದದ್ದೂ ಈ ಊರಿನಲ್ಲೇ.

ಇಷ್ಟೆಲ್ಲ ಉಳಿದದ್ದು ತಾನಾಗಿ ಅಲ್ಲ. ಬಂದರಿನ ಒಂದು ಭಾಗ ತುಂಬಿಸಿ ಸೇತುವೆ ಕಟ್ಟುವ ಯೋಜನೆ 1983ರಲ್ಲೇ ಹುಟ್ಟಿತ್ತು. ಅದನ್ನು ಬಯಸಿದವರನ್ನು ದೂರುವಂತಿಲ್ಲ. ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಲೇಬೇಕಾದ ಓಣಿಗಳಲ್ಲಿ ದಿನವೂ ಬದುಕುವವರು ಅವರು. ಆದರೆ ವಿರೋಧಿಸಿದ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಹಿರೋಷಿಮಾ ಜಿಲ್ಲಾ ನ್ಯಾಯಾಲಯ, ಈ ಬಂದರಿನ ನೋಟವು ಕಾಪಾಡಬೇಕಾದ ಸಂಪತ್ತು ಎಂದು ಒಪ್ಪಿ, ಸಮುದ್ರ ತುಂಬಿಸಲು ಪರವಾನಗಿ ಕೊಡದಂತೆ ತಡೆಯಿತು. ಮುಂದೆ ಆಡಳಿತ ಸೇತುವೆಯನ್ನು ಕೈಬಿಟ್ಟು ಗುಡ್ಡದೊಳಗಿನ ಸುರಂಗದ ದಾರಿ ಹಿಡಿಯಿತು. ವಾಹನಗಳಿಗೆ ದಾರಿಯೂ ಬೇಕು, ಬಂದರೂ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ತೀರ್ಮಾನ ನನಗೆ ತೋಚುವುದಿಲ್ಲ.