ಮಾಡರೇಟರ್ ಯಾರ ಕಡೆ?

2024ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ನಡುವೆ ಟೀವಿಯಲ್ಲಿ ಚರ್ಚೆ ನಡೆದ ಮರುದಿನ ಹಾಸನದಿಂದ ಚಿಕ್ಕಪ್ಪ ಫೋನ್ ಮಾಡಿದರು. ಊಟ ಆಯ್ತಾ ಅಂತಲೂ ಕೇಳಲಿಲ್ಲ. "ಅಲ್ಲ ಕಣಮ್ಮ, ಆ ಟೀವಿಯವರು ಟ್ರಂಪ್‌ಗೆ ಮೋಸ ಮಾಡಿದ್ರಂತಲ್ಲ, ಹೌದಾ?" ಅಂದರು. ಅದೇ ವಾರಾಂತ್ಯ ಇಲ್ಲಿ ನ್ಯೂಜೆರ್ಸಿಯಲ್ಲಿ ಗಣಪತಿ ಪೂಜೆಗೆ ಸೇರಿದ್ದೆವು. ಅಲ್ಲೂ ಅದೇ ಮಾತು. ಕೆಲವರು ಮಾತ್ರ ಉಲ್ಟಾ ಕೇಳಿದರು. ಜೂನ್‌ನಲ್ಲಿ ಬೈಡನ್ ಎದುರು ಟ್ರಂಪ್ ಏನು ಹೇಳಿದರೂ ಮಾಡರೇಟರ್‌ಗಳು, ಅಂದರೆ ಚರ್ಚೆ ನಡೆಸಿಕೊಡುವವರು, ಸುಮ್ನೆ ಕೂತಿದ್ದರಲ್ಲ, ಅದು ಪಕ್ಷಪಾತ ಅಲ್ವಾ ಅಂತ.

ಈ ಪ್ರಶ್ನೆ ನನ್ನ ಹತ್ತಿರವೇ ಬರುವುದಕ್ಕೆ ಕಾರಣ ಇದೆ. ನನಗೆ ಈ ಚರ್ಚೆಗಳ ಹುಚ್ಚು. ಹಳೆಯವನ್ನೂ ಹುಡುಕಿ ನೋಡುತ್ತೇನೆ, ಪೆನ್ನು ಪೇಪರ್ ಹಿಡಿದುಕೊಂಡು. ಮನೆಯವರು ನಗುತ್ತಾರೆ, ನಗಲಿ. ಚಿಕ್ಕಪ್ಪನಿಗೆ ನಾನು ಕೊಟ್ಟ ಉತ್ತರ ಇಷ್ಟು: ಹೌದು, ತಕ್ಕಡಿ ಸ್ವಲ್ಪ ವಾಲಿತ್ತು. ಆದರೆ ಎಲ್ಲರೂ ಬೆರಳು ತೋರಿಸುವ ಜಾಗ ಬೇರೆ, ವಾಲಿದ ಜಾಗ ಬೇರೆ.

ಎಲ್ಲರೂ ಬೆರಳು ತೋರಿಸುವ ಜಾಗ ಇದು. ಫಿಲಡೆಲ್ಫಿಯಾದಲ್ಲಿ ಎಬಿಸಿ ಚಾನೆಲ್ ನಡೆಸಿದ, ಟ್ರಂಪ್-ಹ್ಯಾರಿಸ್ ಚರ್ಚೆ. ಮಾಡರೇಟರ್‌ಗಳು ಡೇವಿಡ್ ಮ್ಯೂರ್ ಮತ್ತು ಲಿನ್ಸಿ ಡೇವಿಸ್. ಓಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ಜನರ ನಾಯಿ ಬೆಕ್ಕು ತಿನ್ನುತ್ತಿದ್ದಾರೆ ಅಂದರು ಟ್ರಂಪ್. ಊರಿನ ಆಡಳಿತಾಧಿಕಾರಿಯನ್ನೇ ವಿಚಾರಿಸಿದ್ದೇವೆ, ನಂಬುವಂಥ ದೂರು ಒಂದೂ ಇಲ್ಲವಂತೆ ಅಂದರು ಮ್ಯೂರ್. ಗರ್ಭಪಾತದ ವಿಷಯ ಬಂದಾಗ, ಕೆಲವು ಕಡೆ ಹುಟ್ಟಿದ ಮೇಲೂ ಮಗುವನ್ನು ಕೊಲ್ಲಬಹುದು ಅನ್ನುವ ಅರ್ಥದ ಮಾತು ಟ್ರಂಪ್ ಬಾಯಿಂದ ಬಂತು. ಈ ದೇಶದ ಯಾವ ರಾಜ್ಯದಲ್ಲೂ ಅದು ಕಾನೂನುಬದ್ಧವಲ್ಲ ಅಂದರು ಡೇವಿಸ್. ಇಂಥವು ಇನ್ನೂ ಒಂದೆರಡು ಇದ್ದವು. ಮೂವರು ಸೇರಿ ಒಬ್ಬನ ಮೇಲೆ ಬಿದ್ದರು ಅಂತ ಟ್ರಂಪ್ ಆಮೇಲೆ ಹೇಳಿಕೊಂಡರು.

ನಾಯಿ ಬೆಕ್ಕಿನ ಮಾತನ್ನು ತಿದ್ದಿದ್ದು ಸರಿ ಅಂತಲೇ ನನ್ನ ಲೆಕ್ಕ. ಆ ಊರಿನ ಜನ ಭಯದಲ್ಲಿದ್ದರು. ಸುಳ್ಳನ್ನು ಹಾಗೇ ಬಿಟ್ಟಿದ್ದರೆ ಅದಕ್ಕೊಂದು ಮುದ್ರೆ ಒತ್ತಿದ ಹಾಗೆ ಆಗುತ್ತಿತ್ತು. ಟ್ರಂಪ್‌ಗೆ ಮಾತಾಡಲು ಬಿಡಲಿಲ್ಲ ಅನ್ನುವುದೂ ನಿಲ್ಲುವುದಿಲ್ಲ. ಹ್ಯಾರಿಸ್‌ಗಿಂತ ಸುಮಾರು ಐದು ನಿಮಿಷ ಜಾಸ್ತಿಯೇ ಮಾತಾಡಿದ್ದರು. ಆದರೆ ಚಿಕ್ಕಪ್ಪನ ಕಡೆಗೂ ಒಂದು ಪಾಯಿಂಟ್ ಕೊಡಬೇಕು. ಹ್ಯಾರಿಸ್‌ರನ್ನು ಅವರು ಒಂದು ಸಲವೂ ತಿದ್ದಲಿಲ್ಲ. ಯುದ್ಧ ನಡೆಯುವ ಯಾವ ಜಾಗದಲ್ಲೂ ಇವತ್ತು ಅಮೆರಿಕದ ಒಬ್ಬ ಸೈನಿಕನೂ ಇಲ್ಲ ಅಂದರು ಹ್ಯಾರಿಸ್. ಇರಾಕ್, ಸಿರಿಯಾದಲ್ಲಿ ಆಗ ಅಮೆರಿಕದ ಸೈನಿಕರು ಇದ್ದರು. ಮ್ಯೂರ್ ಕೇಳಿಸಿಕೊಂಡು ಮುಂದಕ್ಕೆ ಹೋದರು.

ಇನ್ನು ನಿಜವಾಗಿ ವಾಲಿದ ಜಾಗ. ಅದು ನನ್ನ ಕಣ್ಣಿಗೆ ಬಿದ್ದಿದ್ದು ಇಲ್ಲಿಯ ಒಂದು ಕನ್ನಡ ಕೂಟದಿಂದ.

ಕೆಲವು ವರ್ಷದ ಹಿಂದೆ ಆ ಕೂಟದ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಿಂತರು. ಎದುರುಬದುರು ಕೂರಿಸಿ ಪ್ರಶ್ನೆ ಕೇಳೋಣ ಅಂತ ಯಾರಿಗೋ ಹೊಳೆಯಿತು. ಮಾಡರೇಟರ್ ಕುರ್ಚಿ ನನ್ನ ಪಾಲಿಗೆ ಬಂತು. ನಿಂತವರಲ್ಲಿ ಒಬ್ಬಳು ನನ್ನ ಸ್ನೇಹಿತೆ, ಹಿಂದಿನ ವರ್ಷದ ಖಜಾಂಚಿ. ನಾವಿಬ್ಬರೂ ಒಂದೇ ಕಾರಿನಲ್ಲಿ ಓಡಾಡುವವರು ಅಂತ ಇಡೀ ಕೂಟಕ್ಕೆ ಗೊತ್ತು. ನನಗೋ ಅದೇ ಭಯ. ಅವಳ ಪರ ಅನ್ನಿಸಿಕೊಳ್ಳಬಾರದು. ಯುಗಾದಿ ಊಟದ ಲೆಕ್ಕ ಕೇಳಿದೆ, ಹೇಳಿದಳು. ಬಾಳೆ ಎಲೆಗೆ ಅಷ್ಟು ದುಡ್ಡು ಯಾಕೆ ಅಂದೆ, ಹೇಳಿದಳು. ಉಳಿದ ಹಣ ಎಲ್ಲಿ ಅಂದೆ. ಎದುರಾಳಿಗೆ ಅದೇ ಲೆಕ್ಕದ ಪ್ರಶ್ನೆ ಹಾಕಿದೆ. "ನಾನು ಬಂದರೆ ಎಲ್ಲ ಪಾರದರ್ಶಕ" ಅಂದರು ಅವರು. ಹೇಗೆ ಅಂತ ಕೇಳಲೇ ಇಲ್ಲ ನಾನು. ಧನ್ಯವಾದ ಅಂದು ಮುಂದಿನ ಪ್ರಶ್ನೆಗೆ ಹೋದೆ.

ವಾಪಸ್ ಬರುವಾಗ ಅವಳು ಅರ್ಧ ದಾರಿ ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅವರಿಗೆ ಇನ್ನೊಂದ್ಸಲ ಯಾಕೆ ಕೇಳಲಿಲ್ಲ ನೀನು?"

ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದ್ದೆ. ಇಬ್ಬರಿಗೂ ಒಂದೇ ಸಮಯ ಕೊಟ್ಟಿದ್ದೆ, ಅಡುಗೆಮನೆಯ ಟೈಮರ್ ಇಟ್ಟುಕೊಂಡು. ವ್ಯತ್ಯಾಸ ಇದ್ದದ್ದು ಎರಡನೇ ಪ್ರಶ್ನೆಯಲ್ಲಿ. ಉತ್ತರ ಬಂದ ಮೇಲೆ ಬಿಡದೆ ಯಾರನ್ನು ಕೆದಕಿದೆ, ಯಾರನ್ನು ಬಿಟ್ಟೆ ಅನ್ನುವುದರಲ್ಲಿ. ಅವತ್ತಿನಿಂದ ನನ್ನ ಪೇಪರಿನಲ್ಲಿ ಗೀಟು ಬೀಳುವುದು ಅಲ್ಲೇ.

ಆ ಗೀಟು ಹಾಕಿಕೊಂಡು ಎಬಿಸಿಯ ಚರ್ಚೆಯನ್ನು ಇನ್ನೊಮ್ಮೆ ನೋಡಿ. ಮೊಟ್ಟಮೊದಲ ಪ್ರಶ್ನೆ ಹ್ಯಾರಿಸ್‌ಗೆ. ನಾಲ್ಕು ವರ್ಷದ ಹಿಂದಿಗಿಂತ ಅಮೆರಿಕದ ಜನ ಈಗ ಚೆನ್ನಾಗಿದ್ದಾರಾ? ಹೌದು ಅಥವಾ ಇಲ್ಲ ಅನ್ನಬಹುದಾದ ಪ್ರಶ್ನೆ. ನಾನು ಮಧ್ಯಮ ವರ್ಗದ ಮನೆಯಲ್ಲಿ ಬೆಳೆದವಳು ಅಂತ ಶುರುಮಾಡಿದರು ಹ್ಯಾರಿಸ್. ತಮ್ಮ ಯೋಜನೆಗಳನ್ನು ಹೇಳಿದರು, ಟ್ರಂಪ್ ತೆರಿಗೆ ನೀತಿಯನ್ನು ಬೈದರು. ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮ್ಯೂರ್ ಮತ್ತೆ ಕೇಳಲೂ ಇಲ್ಲ. ಆ ಚುನಾವಣೆಯಲ್ಲಿ ಮೊಟ್ಟೆ ಬೆಲೆ, ಮನೆ ಬಾಡಿಗೆ ಎಷ್ಟು ದೊಡ್ಡ ವಿಷಯವಾಗಿತ್ತು ಅಂತ ಇಲ್ಲಿ ದಿನಸಿ ತರುವ ಯಾರನ್ನಾದರೂ ಕೇಳಿ. ಕೆದಕಬೇಕಿದ್ದ ಪ್ರಶ್ನೆ ಅದು. ನಾಯಿ ಬೆಕ್ಕಿನ ಗಲಾಟೆಯಲ್ಲಿ ಇದನ್ನು ಯಾರೂ ನೆನೆಯುವುದೂ ಇಲ್ಲ.

ಹಾಗಾದರೆ ಮಾಡರೇಟರ್ ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದಾ? ಇದು ಮುಂದಿನ ಪ್ರಶ್ನೆ, ಬಂದೇ ಬರುತ್ತದೆ. ಅದಕ್ಕೆ 2012ರ ಹದಿಮೂರು ದಿನ ಸಾಕು.

ಅಕ್ಟೋಬರ್ 3, ಡೆನ್ವರ್. ಡೆಮಾಕ್ರಟ್ ಅಧ್ಯಕ್ಷ ಒಬಾಮಾ ಮತ್ತು ಎದುರಾಳಿ ರಿಪಬ್ಲಿಕನ್ ರಾಮ್ನಿ. ಮಾಡರೇಟರ್ ಜಿಮ್ ಲೆಹ್ರರ್, 78ರ ಹಿರಿಯರು, ಇಂಥ ಹತ್ತಕ್ಕೂ ಹೆಚ್ಚು ಚರ್ಚೆ ನಡೆಸಿದವರು. ತಾನು ಅಡ್ಡ ಬರಬಾರದು ಅನ್ನುವುದು ಅವರ ನೀತಿ. ಅಡ್ಡ ಬರಲಿಲ್ಲ. ರಾಮ್ನಿಯಂತೂ ಲೆಹ್ರರ್ ಮಾತನ್ನೂ ತುಳಿದುಕೊಂಡು ನುಗ್ಗಿದರು. ಲೆಹ್ರರ್ ಕೆಲಸ ಮಾಡುತ್ತಿದ್ದ ಸಾರ್ವಜನಿಕ ಟೀವಿ ಪಿಬಿಎಸ್‌ಗೆ ಸರ್ಕಾರದ ದುಡ್ಡು ನಿಲ್ಲಿಸುತ್ತೇನೆ ಅಂತ ಅವರ ಮುಖಕ್ಕೇ ಹೇಳಿದರು. ನಿಮ್ಮನ್ನು ಕಂಡರೆ ನನಗಿಷ್ಟ ಅಂತ ಒಂದು ಬೆಣ್ಣೆಯ ಮಾತೂ ಸೇರಿಸಿದರು. ಒಬಾಮಾ ಸಪ್ಪಗಿದ್ದರು. ಮರುದಿನ ಡೆಮಾಕ್ರಟರೆಲ್ಲ ಲೆಹ್ರರ್ ಮೇಲೆ ಮುಗಿಬಿದ್ದರು. ಮೌನವೂ ಒಬ್ಬರಿಗೆ ಲಾಭ ಮಾಡಿಕೊಟ್ಟಿತ್ತು. ಜೋರಾಗಿ ನುಗ್ಗುವವರಿಗೆ.

ಅಕ್ಟೋಬರ್ 16, ನ್ಯೂಯಾರ್ಕ್ ಹತ್ತಿರದ ಹಾಫ್‌ಸ್ಟ್ರಾ ವಿಶ್ವವಿದ್ಯಾಲಯ. ಮಾಡರೇಟರ್ ಸಿಎನ್ಎನ್‌ನ ಕ್ಯಾಂಡಿ ಕ್ರೌಲಿ. ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಯಭಾರಿ ಸತ್ತ ದಾಳಿಯ ಮಾತು ಬಂತು. ಅದನ್ನು ಭಯೋತ್ಪಾದನೆ ಅನ್ನಲು ಅಧ್ಯಕ್ಷರಿಗೆ ಹದಿನಾಲ್ಕು ದಿನ ಬೇಕಾಯಿತು ಅಂದರು ರಾಮ್ನಿ. ಇಲ್ಲ, ಅವರು ಆಗಲೇ ಹೇಳಿದ್ದರು ಅಂತ ಕ್ರೌಲಿ ಬಾಯಿ ಹಾಕಿದರು. ಸ್ವಲ್ಪ ಜೋರಾಗಿ ಹೇಳಿ ಕ್ಯಾಂಡಿ ಅಂದರು ಒಬಾಮಾ. ಸಭೆ ಚಪ್ಪಾಳೆ ಹೊಡೆಯಿತು. ಮರುಕ್ಷಣವೇ ಕ್ರೌಲಿ ರಾಮ್ನಿ ಕಡೆ ತಿರುಗಿ, ಪೂರ್ತಿ ವಿಷಯ ಹೊರಬರಲು ಎರಡು ವಾರ ಹಿಡಿಯಿತು ಅನ್ನುವುದರಲ್ಲಿ ನೀವೂ ಸರಿ ಅಂದರು. ಆ ಎರಡನೇ ಅರ್ಧ ಯಾರ ಕಿವಿಗೂ ಬೀಳಲಿಲ್ಲ. ದಾಳಿಯ ಮರುದಿನ ಒಬಾಮಾ ಆ ಪದ ಬಳಸಿದ್ದು ನಿಜ. ಈ ದಾಳಿಗೇ ಅಂದರೋ ಒಟ್ಟಾರೆ ಮಾತಾಡಿದರೋ ಅನ್ನುವ ಜಗಳ ಇವತ್ತಿಗೂ ಇದೆ. ಅಷ್ಟು ಸಿಕ್ಕಿನ ವಿಷಯಕ್ಕೆ ಕೈಹಾಕಿ ಅರ್ಧ ವಾಕ್ಯದಲ್ಲಿ ತೀರ್ಪು ಕೊಡಬಾರದಿತ್ತು. ರಿಪಬ್ಲಿಕನ್ನರು ಅವರನ್ನು ಇನ್ನೂ ಕ್ಷಮಿಸಿಲ್ಲ.

ತಿದ್ದುವುದಕ್ಕೂ ಕೆದಕುವುದಕ್ಕೂ ವ್ಯತ್ಯಾಸ ಇದೆ. ಅದು ನೋಡಬೇಕಾದರೆ 1976ರ ಅಕ್ಟೋಬರ್‌ನ ಚರ್ಚೆ ನೋಡಿ. ಪೂರ್ವ ಯುರೋಪಿನ ಮೇಲೆ ಸೋವಿಯತ್ ಯಜಮಾನಿಕೆ ಇಲ್ಲ ಅಂದುಬಿಟ್ಟರು ಅಧ್ಯಕ್ಷ ಫೋರ್ಡ್. ಪ್ರಶ್ನೆ ಕೇಳಿದ್ದ ನ್ಯೂಯಾರ್ಕ್ ಟೈಮ್ಸ್‌ನ ಮ್ಯಾಕ್ಸ್ ಫ್ರಾಂಕೆಲ್ ನಿಮ್ಮ ಮಾತು ತಪ್ಪು ಅನ್ನಲಿಲ್ಲ. ಅಲ್ಲಿ ಸೋವಿಯತ್ ಸೇನೆಯೇ ಕೂತಿದೆಯಲ್ಲ, ನಾನು ಸರಿಯಾಗಿ ಕೇಳಿಸಿಕೊಂಡೆನಾ ಅನ್ನುವ ಧಾಟಿಯಲ್ಲಿ ಇನ್ನೊಮ್ಮೆ ಕೇಳಿದರು. ಬಾಗಿಲು ತೆರೆದುಕೊಟ್ಟ ಹಾಗೆ. ಫೋರ್ಡ್ ಆಚೆ ಬರಲಿಲ್ಲ, ಪೋಲೆಂಡ್, ಯುಗೊಸ್ಲಾವಿಯಾ ಅಂತ ಇನ್ನೂ ಒಳಗೆ ಹೋದರು. ಅದಕ್ಕೆ ಫ್ರಾಂಕೆಲ್ ಏನು ಮಾಡಲಾದೀತು?

ಇಷ್ಟೆಲ್ಲ ಬೈಗುಳ ಮಾಡರೇಟರ್‌ಗೆ ಬೀಳುವಾಗ ಇನ್ನೊಬ್ಬರು ಮರೆಯಲ್ಲಿ ನಗುತ್ತಿರುತ್ತಾರೆ. ಅಭ್ಯರ್ಥಿಗಳ ಕಡೆಯವರು. ಸಭಿಕರೇ ಪ್ರಶ್ನೆ ಕೇಳುವ ಆ ಹಾಫ್‌ಸ್ಟ್ರಾ ಚರ್ಚೆಯಲ್ಲಿ ಮಾಡರೇಟರ್ ಕೆದಕುವ ಪ್ರಶ್ನೆ ಕೇಳಬಾರದು ಅಂತ 2012ರಲ್ಲಿ ಒಬಾಮಾ, ರಾಮ್ನಿ ಎರಡೂ ಪಾಳಯ ಸೇರಿ ಒಪ್ಪಂದ ಮಾಡಿಕೊಂಡಿದ್ದವು. ಕೇಳುತ್ತೇನೆ ಅಂತ ಕ್ರೌಲಿ ಹೇಳಿದಾಗ ಎರಡೂ ಕಡೆಯವರು ತಕರಾರು ತೆಗೆದರು. ಇಬ್ಬರೂ ಒಗ್ಗಟ್ಟಾದ ಅಪರೂಪದ ವಿಷಯ ಅದು. ಈ ಚಾಳಿ ಹಳೆಯದು. 1976ರಿಂದ ಚರ್ಚೆ ನಡೆಸುತ್ತಿದ್ದ ಮಹಿಳಾ ಮತದಾರರ ಲೀಗ್ ಅನ್ನುವ ಸಂಘ 1988ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಬುಷ್ ಮತ್ತು ಡುಕಾಕಿಸ್ ಕಡೆಯವರ ಷರತ್ತು ನೋಡಿ ರೋಸಿಹೋಯಿತು. ಜನರ ಕಣ್ಣಿಗೆ ಮಣ್ಣೆರಚಲು ನಾವು ಕೈಜೋಡಿಸುವುದಿಲ್ಲ ಅನ್ನುವ ಅರ್ಥದ ಹೇಳಿಕೆ ಕೊಟ್ಟು ಹೊರನಡೆಯಿತು. 2024ರಲ್ಲಂತೂ, ಲೀಗ್ ಹೋದ ಮೇಲೆ ಚರ್ಚೆ ನಡೆಸುತ್ತಿದ್ದ ಆಯೋಗವನ್ನೂ ಪಕ್ಕಕ್ಕಿಟ್ಟು ಎರಡು ಪಾಳಯಗಳು ನೇರವಾಗಿ ಚಾನೆಲ್‌ಗಳ ಜೊತೆಗೇ ಮಾತು ಮುಗಿಸಿಕೊಂಡವು.

ಇದನ್ನೆಲ್ಲ ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಚಿಕ್ಕಪ್ಪನ ಕಾಫಿ ಆರಿತ್ತು. ಪೇಪರಿನಲ್ಲಿ ಎರಡು ಕಾಲಂ ಹಾಕಿಕೊಳ್ಳಿ, ಎರಡನೇ ಪ್ರಶ್ನೆ ಬಿದ್ದಾಗಲೆಲ್ಲ ಒಂದು ಗೀಟು ಎಳೀರಿ ಅಂದೆ. ಮುಂದಿನ ಅಮೆರಿಕದ ಚುನಾವಣೆವರೆಗೆ ಕಾಯುವವರಲ್ಲ ಅವರು. ಅವತ್ತು ರಾತ್ರಿಯೇ ನಮ್ಮ ಕನ್ನಡ ಚಾನೆಲ್ ಒಂದರ ಚರ್ಚೆಗೆ ಕೂತರಂತೆ. ಬೆಳಿಗ್ಗೆ ವಾಟ್ಸಾಪಿನಲ್ಲಿ ಫೋಟೋ ಬಂತು. ಕ್ಯಾಲೆಂಡರ್ ಹಾಳೆಯ ಹಿಂಬದಿ, ಎರಡು ಕಾಲಂ, ಒಳಗೆ ಏನೂ ಇಲ್ಲ. ಕೆಳಗೆ ಬರೆದಿದ್ದರು: "ಗಂಟೆ ಪೂರ್ತಿ ಆ್ಯಂಕರ್ರೇ ಮಾತಾಡಿದ. ಅವನಿಗೆ ಕಾಲಂ ಹೇಳೇ ಇಲ್ವಲ್ಲಮ್ಮ ನೀನು."