ಕಾಸರಗೋಡಿನ ಕಿರಿಯ ವಕೀಲರಿಗೊಂದು ಕೌಟುಂಬಿಕ ಕಾನೂನು ಕೈಪಿಡಿ: ಕೆಲಸ ಎಲ್ಲಿಗೆ ಬಂತು

ಜೀವನಾಂಶದ ಅಧ್ಯಾಯ ಮುಗಿಯಿತು. ಈಗ ಕೇರಳ-ಕರ್ನಾಟಕ ಗಡಿಯ ಅಧ್ಯಾಯಕ್ಕೆ ಕೈ ಹಾಕಿದ್ದೇನೆ.

ಕಾನೂನು ವಿವರಿಸುವ ದಪ್ಪ ಪುಸ್ತಕಗಳು ನಮ್ಮ ಕಪಾಟಿನಲ್ಲಿ ಬೇಕಾದಷ್ಟಿವೆ. ಆದರೆ ಕಕ್ಷಿದಾರರು ಎದುರು ಕೂತಾಗ ಬೇಕಾಗುವುದೇ ಬೇರೆ. ಅರ್ಜಿ ಎಲ್ಲಿ ಹಾಕುವುದು, ಜೊತೆಗೆ ಯಾವ ಕಾಗದ ಇಡುವುದು, ಎದುರು ಕಡೆಯವರು ಏನು ಹೇಳಬಹುದು. ಪ್ರತಿ ಅಧ್ಯಾಯವೂ ಈ ಪ್ರಶ್ನೆಗಳಿಂದಲೇ ಶುರುವಾಗುತ್ತದೆ.

ಜೀವನಾಂಶ ಅಂದರೆ ಎಲ್ಲರ ಬಾಯಲ್ಲೂ ಈಗಲೂ ನೂರಿಪ್ಪತ್ತೈದೇ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ. 2024ರ ಜುಲೈ 1ರಿಂದ ಅದು, ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಹಳೆಯ 125ರಿಂದ 128ರವರೆಗಿನದು ಈಗ 144ರಿಂದ 147. ಎರಡೂ ನಂಬರುಗಳನ್ನು ಪಕ್ಕಪಕ್ಕ ಕೊಟ್ಟಿದ್ದೇನೆ. ಹಳೆ ತೀರ್ಪುಗಳನ್ನು ಹುಡುಕುವುದು 125ರಲ್ಲೇ ಅಲ್ವಾ?

ಜಾಸ್ತಿ ಹೊತ್ತು ಹಿಡಿದದ್ದು ಆಸ್ತಿ ಮತ್ತು ಆದಾಯದ ಅಫಿಡವಿಟ್. ಗಂಡ ಹೆಂಡತಿ ಇಬ್ಬರೂ ಇದನ್ನು ಕೊಡಬೇಕು ಎಂದು ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ 2020ರ ನವೆಂಬರ್ 4ರಂದು ಹೇಳಿತು. ನಮೂನೆಯೂ ಆ ತೀರ್ಪಿನಲ್ಲೇ ಇದೆ. ಕೃಷಿಕರಿಗೆ ಬೇರೆಯೇ ನಮೂನೆ, ಎರಡನೇ ಅನುಬಂಧ. ಆದರೂ ಅಡಿಕೆ ತೋಟ ಇರುವವರು ಒಂದನೆಯದನ್ನೇ ತುಂಬಿ, ಆದಾಯದ ಜಾಗದಲ್ಲಿ ‘ಕೃಷಿ’ ಎಂದು ಬರೆದು ಮುಗಿಸುವುದನ್ನು ನೋಡಿದ್ದೇನೆ. ಅಲ್ಲಿಗೆ ಹೆಂಡತಿ ಮಕ್ಕಳ ಪಾಲಿನ ಅರ್ಧ ಲೆಕ್ಕ ಮುಚ್ಚಿಹೋಗುತ್ತದೆ. ಎರಡನೇ ನಮೂನೆ ಬಿಡುವುದಿಲ್ಲ. ಜಮೀನು ಎಲ್ಲಿದೆ, ನೀರಾವರಿಯೋ ಖುಷ್ಕಿಯೋ, ಬೆಳೆ ಯಾವುದು, ದನಕರು ಎಷ್ಟು, ಸಾಲ ಎಷ್ಟು, ಎಲ್ಲ ಕೇಳುತ್ತದೆ.

ಒಂದು ಮಾದರಿ ತುಂಬಿಸಿ ಕೊಟ್ಟಿದ್ದೇನೆ. ತೋಟ ಕೇರಳದ ಎಣ್ಮಕಜೆಯಲ್ಲಿ, ಗದ್ದೆ ಕರ್ನಾಟಕದ ವಿಟ್ಲದಲ್ಲಿ. ತೋಟಕ್ಕೆ ವಿಲೇಜ್ ಆಫೀಸಿನ ತೀರ್ವೆ ರಶೀದಿ, ಗದ್ದೆಗೆ ಆರ್‌ಟಿಸಿ. ಎರಡೂ ಕಡೆ ಜಾಗ ಇರುವ ಮನೆಗಳು ಇಲ್ಲಿ ಹೊಸತಲ್ಲ. ಒಂದೇ ಕಡೆಯ ಕಾಗದ ಕಂಡರೆ ಇನ್ನೊಂದು ಕಡೆಯದನ್ನೂ ಕೇಳಿ ಎಂದು ಪುಟದ ಅಂಚಿನಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಫ್ಯಾಮಿಲಿ ಕೋರ್ಟ್ ಕಾಯ್ದೆಯ 13ನೇ ಕಲಂ ಪ್ರಕಾರ ವಕೀಲರ ಮೂಲಕ ವಾದಿಸುವುದು ಕಕ್ಷಿದಾರರ ಹಕ್ಕಲ್ಲ. ಅನುಮತಿ ಕೇಳುವ ಅರ್ಜಿಯ ಮಾದರಿಯೂ ಸೇರಿತು.

ಇನ್ನು ಗಡಿ. ಹಿಂದೂ ವಿವಾಹ ಕಾಯ್ದೆಯ 19ನೇ ಕಲಂಗೆ 2003ರಲ್ಲಿ ತಿದ್ದುಪಡಿ ಬಂದ ಮೇಲೆ ಹೆಂಡತಿ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಮದುವೆ ಕುಂಬಳೆಯಲ್ಲಿ, ಸಂಸಾರ ಮಂಗಳೂರಿನಲ್ಲಿ, ಈಗ ತವರು ಕೇರಳದ ಮಂಜೇಶ್ವರದಲ್ಲಿ ಅಂತಿಟ್ಟುಕೊಳ್ಳಿ. ಎರಡು ರಾಜ್ಯದ ಕೋರ್ಟುಗಳೂ ಅವಳಿಗೆ ತೆರೆದಿವೆ. ಆದರೆ ಒಮ್ಮೆ ಹಾಕಿದ ಕೇಸನ್ನು ಕಾಸರಗೋಡಿನಿಂದ ಮಂಗಳೂರಿಗೆ ವರ್ಗ ಮಾಡಿಸಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 25ನೇ ಕಲಂ, ಅಂದರೆ ಸುಪ್ರೀಂ ಕೋರ್ಟು. ಗಡಿಯ ತಲಪಾಡಿ ದಾಟಲು ದೆಹಲಿಗೆ ಹೋಗಬೇಕು. ಹಾಗಾಗಿ ಎಲ್ಲಿ ಹಾಕುವುದು ಎಂಬುದನ್ನು ಮೊದಲ ದಿನವೇ, ಮಕ್ಕಳ ಶಾಲೆ, ಓಡಾಟ, ಸಾಕ್ಷಿಗಳು ಎಲ್ಲಿದ್ದಾರೆ ಎಂದೆಲ್ಲ ಕೇಳಿ ನಿರ್ಧರಿಸಬೇಕು.

ನನಗೆ ತುಂಬ ಮುಖ್ಯ ಅನಿಸುವುದು ಅಳಿಯಸಂತಾನದ, ಅಂದರೆ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಕಟ್ಟಳೆಯ ಭಾಗ. ಪಾಲಿನ ದಾವೆ ಸಿವಿಲ್ ಕೋರ್ಟಿನದು, ನಿಜ. ಆದರೆ ವಿಚ್ಛೇದನಕ್ಕೆ ಬಂದವರು ಕುಟುಂಬದ ಆಸ್ತಿಯನ್ನೂ ಕೇಳದೆ ಹೋಗುವುದಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದಾಗ ಕಾಸರಗೋಡು ದಕ್ಷಿಣ ಕನ್ನಡದಲ್ಲೇ ಇತ್ತು. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಹೋಯಿತು. ಕೇರಳವು 1975ರ ಕಾಯ್ದೆ ಮಾಡಿ, 1976ರ ಡಿಸೆಂಬರ್ 1ರಿಂದ ಹಿಂದೂ ಅವಿಭಕ್ತ ಕುಟುಂಬವನ್ನೇ ರದ್ದು ಮಾಡಿತು. ಕರ್ನಾಟಕದಲ್ಲಿ ಅಂಥ ಕಾಯ್ದೆ ಇಲ್ಲ. ಹಾಗಾಗಿ ಒಂದೇ ಕುಟುಂಬ, ಒಂದೇ ಕವರು (ಅಳಿಯಸಂತಾನ ಕುಟುಂಬದ ಕವಲು), ಆದರೆ ಗಡಿಯ ಈಚೆಗಿನ ಜಾಗಕ್ಕೂ ಆಚೆಗಿನ ಜಾಗಕ್ಕೂ ಲೆಕ್ಕ ಬೇರೆ. ಇದಕ್ಕೆ ಎರಡು ಅಂಕಣದ ಪಟ್ಟಿ ಮಾಡುತ್ತಿದ್ದೇನೆ. ಎಡಕ್ಕೆ ಕೇರಳ, ಬಲಕ್ಕೆ ಕರ್ನಾಟಕ.

ಮುಂದಿನದು ಮುಸ್ಲಿಂ ಕಾನೂನಿನ ಅಧ್ಯಾಯ. ಕೋರ್ಟಿನ ಹೊರಗಿನ ಖುಲಾ, ಅಂದರೆ ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ, ನಡೆಯುತ್ತದೆ ಎಂದು ಕೇರಳ ಹೈಕೋರ್ಟ್ 2021ರಲ್ಲಿ, ತನ್ನದೇ 1972ರ ತೀರ್ಪನ್ನು ಬದಿಗಿಟ್ಟು ಹೇಳಿತು. ಕರ್ನಾಟಕದ ಕೋರ್ಟುಗಳು ಅದಕ್ಕೆ ಬದ್ಧವಲ್ಲ. ಅಲ್ಲೂ ಅದೇ ಎರಡು ಅಂಕಣ ಬೇಕು.

ಪುಸ್ತಕಕ್ಕೆ ಹೊಲಿಗೆ ಹಾಕಿಸುವುದಿಲ್ಲ, ರಿಂಗ್ ಫೈಲಿಗೆ ಸೇರಿಸುತ್ತೇನೆ. ಕಲಂ ಬದಲಾದರೆ ಆ ಹಾಳೆ ತೆಗೆದು ಹೊಸತು ಹಾಕಿದರಾಯಿತು. ಎರಡೂ ಕಡೆ ಕೇಸು ನಡೆಸಿದ ವಕೀಲರು ಕರಡು ಓದಲು ಒಪ್ಪಿದರೆ ಗಡಿಯ ಅಧ್ಯಾಯವನ್ನೇ ಮೊದಲು ಕಳಿಸುತ್ತೇನೆ.