ಕರ್ನಲ್ ನನ್ನದೇ, ನಿಧಾನವೂ ನನ್ನದೇ

ನಿನ್ನೆ ರಾತ್ರಿ ನಾನೇ ಕಂಪೈಲ್ ಮಾಡಿಕೊಂಡ, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ ಕಂಪ್ಯೂಟರ್ ಆರಂಭವಾಯಿತಾದರೂ, ಟರ್ಮಿನಲ್‌ನಲ್ಲಿ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವುದಕ್ಕೇ ತಡವರಿಸುತ್ತಿತ್ತು. ಮೊದಲು ಸಂಶಯ ಹೋದದ್ದು ಪ್ರೊಸೆಸರಿನ ವೇಗವನ್ನು ನಿಯಂತ್ರಿಸುವ ಗವರ್ನರ್ ಮೇಲೆ. ಅದು ಸರಿಯಾಗಿಯೇ ಇತ್ತು. ಕೊನೆಗೆ ಹಳೆಯ ಕರ್ನಲ್‌ನ ಕಾನ್ಫಿಗ್ (ಆಯ್ಕೆಗಳ) ಕಡತಕ್ಕೂ ನನ್ನದಕ್ಕೂ ಡಿಫ್ ಹಾಕಿ, ಅಂದರೆ ವ್ಯತ್ಯಾಸ ತೆಗೆದು, ಸಾಲು ಸಾಲಾಗಿ ನೋಡಿದರೆ, ಎಂದೋ ಒಂದು ಡ್ರೈವರಿನ ದೋಷ ಹುಡುಕಲೆಂದು ಆನ್ ಮಾಡಿದ್ದ ಲಾಕ್‌ಡೆಪ್ ಮತ್ತು ಕಸಾನ್ ಎಂಬ ದೋಷಪತ್ತೆ ಸೌಲಭ್ಯಗಳೆರಡೂ ಹಾಗೆಯೇ ಉಳಿದುಬಿಟ್ಟಿದ್ದವು. ಮೊದಲನೆಯದು, ಎರಡು ಕೆಲಸಗಳು ಒಂದೇ ದತ್ತಾಂಶವನ್ನು ಒಟ್ಟಿಗೆ ಮುಟ್ಟದಂತೆ ತಡೆಯುವ ಲಾಕ್ ಹಿಡಿದಾಗಲೆಲ್ಲ ಅದರ ಕ್ರಮವನ್ನು ಪರಿಶೀಲಿಸುತ್ತದೆ. ಎರಡನೆಯದು ಕರ್ನಲ್ ಮೆಮೊರಿಯನ್ನು ಓದುವ, ಬರೆಯುವ ಪ್ರತಿ ಹೆಜ್ಜೆಯನ್ನೂ ತಪಾಸಣೆ ಮಾಡುವುದಲ್ಲದೆ, ಆ ಮೆಮೊರಿಯ 1/8 ಭಾಗವನ್ನು ತನ್ನ ಲೆಕ್ಕಪತ್ರಕ್ಕೇ ಮೀಸಲಿಟ್ಟುಕೊಳ್ಳುತ್ತದೆ. ಪಾಪ, ಯಂತ್ರ ಸೋಮಾರಿಯಾಗಿರಲಿಲ್ಲ, ನಾನು ಹೇಳಿ ಮರೆತ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿತ್ತು. ಎರಡನ್ನೂ ತೆಗೆದು ಮತ್ತೆ ಕಂಪೈಲ್‌ಗೆ ಹಾಕಿದ್ದೇನೆ. ಫ್ಯಾನ್ ಜೋರಾಗಿ ತಿರುಗುತ್ತಿದೆ.